ಯಾರಿಗೂ ಹೇಳದ ಕಲ್ಲು

ದೂಮಣ್ಣನ ಕೇಸು ಗೆದ್ದದ್ದು ನಮ್ಮ ವಕೀಲರ ವಾದದಿಂದ ಅಲ್ಲ, ಕಾಪುವಿನ ಗಂಡಸರ ಹೊಟ್ಟೆಬಾಕತನದಿಂದ. ಈಗ ಆಫೀಸಿಗೆ ಹೊಸದಾಗಿ ಸೇರಿದ ಮಕ್ಕಳು ಆ ಆದೇಶವನ್ನು ಕಂಪ್ಯೂಟರಿನಲ್ಲಿ ಓದಿ, ‘ಎಂಥ ಪಾಟೀಸವಾಲು!’ ಎಂದು ಬಾಯಿ ಬಿಡುತ್ತಾರಂತೆ. ಬಾಯಿ ಮುಚ್ಚಿ. ಪಾಟೀಸವಾಲು ನಡೆಯಬೇಕಾದ ಹೊತ್ತಿನಲ್ಲಿ ನಮ್ಮ ವಕೀಲರು ದೋಣಿಯ ಅಂಚಿನಿಂದ ತಲೆ ಹೊರಗೆ ಹಾಕಿ ವಾಂತಿ ಮಾಡುತ್ತಿದ್ದರು. ಅವರು ಸಮುದ್ರಕ್ಕೆ ಬೀಳದ ಹಾಗೆ ಸೊಂಟದ ಬೆಲ್ಟು ಹಿಡಿದುಕೊಂಡು ಕೂತವಳು ನಾನು. ಆದ್ದರಿಂದ ಏನು ನಡೆಯಿತು ಎಂದು ಹೇಳಲು ನನಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ನಾನು ಸುಂದರಿ, ಕಾಪುವಿನವಳು. ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ, ಅದರಲ್ಲಿಯೂ ಬಂಗುಡೆ ಹೆಚ್ಚು ಬಂದ ದಿನ ಹೋಗುತ್ತಿರಲಿಲ್ಲ. ಉಡುಪಿಯಲ್ಲಿ ಮುಳುಗಿದ ಹಡಗು, ಒಡೆದ ದೋಣಿ, ನಾವಿಕರ ತಕರಾರು ಇಂಥವನ್ನೇ ನಡೆಸುವ ಒಂದು ವಕೀಲರ ಆಫೀಸಿಗೆ ಗುಡಿಸಲಿಕ್ಕೆ ಸೇರಿದೆ. ಸೊಂಟ ಬಗ್ಗುವವರೆಗೆ ಗುಡಿಸಿದೆ. ಈಗ ಮೊಮ್ಮಕ್ಕಳ ಮೂಗು ಒರೆಸಿಕೊಂಡು ಮನೆಯಲ್ಲಿ ಇದ್ದೇನೆ. ‘ಹೊಸಬರಿಗೆ ಕೆಲಸ ಹೇಗಿತ್ತು ಅಂತ ಬರೆದು ಕೊಡಿ ಅಕ್ಕ’ ಎಂದು ಆಫೀಸಿನವರು ಕೇಳಿದರು. ಬರೆಯುತ್ತೇನೆ. ಇದರಲ್ಲಿ ಜನ ಆಡಿದ ಮಾತೆಲ್ಲ ಹೆಚ್ಚು ಕಡಿಮೆ ತುಳುವಿನಲ್ಲಿ ಆಡಿದ್ದು. ಕನ್ನಡ ನಮಗೆ ಕೋರ್ಟಿಗೆ ಹೋಗುವಾಗ ಉಡುವ ಸೀರೆ ಇದ್ದ ಹಾಗೆ. ಮನೆಗೆ ಬಂದ ಕೂಡಲೇ ಮಡಚಿ ಇಡುತ್ತೇವೆ.

ವಕೀಲರ ಹೆಸರು ಧರಣೇಂದ್ರ. ಕಾರ್ಕಳದ ಜೈನರು. ಕಾರ್ಕಳದಲ್ಲಿ ಎತ್ತ ತಿರುಗಿದರೂ ಕರಿಬಂಡೆ. ಸಮುದ್ರದ ವಾಸನೆ ಗಾಳಿಯಲ್ಲಿಯೂ ಬರುವುದಿಲ್ಲ. ಅಂಥವರಿಗೆ ಹಡಗಿನ ಹುಚ್ಚು ಎಲ್ಲಿಂದ ಹಿಡಿಯಿತು ಎಂದು ಒಮ್ಮೆ ಕೇಳಿದ್ದಕ್ಕೆ, ‘ನಮ್ಮ ಗುರುಗಳು ಹಡಗಿನ ಕೇಸು ನೋಡ್ತಿದ್ರು. ಅವರು ಹೋದ ಮೇಲೆ ಫೈಲೆಲ್ಲ ನನ್ನ ತಲೆಗೆ ಬಂತು’ ಎಂದರು. ಕಾನೂನಿನಲ್ಲಿ ಅವರನ್ನು ಮೀರಿಸುವವರು ಈ ಕರಾವಳಿಯಲ್ಲಿ ಇರಲಿಲ್ಲ, ಅದು ನಿಜ. ಆದರೆ ಮಲ್ಪೆ ಬಂದರಿನಲ್ಲಿ ಹಗ್ಗ ಕಟ್ಟಿ ನಿಲ್ಲಿಸಿದ ದೋಣಿ ಅಲುಗುವುದನ್ನು ನೋಡಿದರೂ ಅವರಿಗೆ ತಲೆ ತಿರುಗುತ್ತಿತ್ತು. ಕೇಸಿನ ಫೋಟೋದಲ್ಲಿ ಅಲೆ ದೊಡ್ಡದಿದ್ದರೆ ಲಿಂಬೆಹಣ್ಣು ಮೂಸಿಕೊಂಡು ನೋಡುತ್ತಿದ್ದರು. ಲಿಂಬೆಹಣ್ಣು ತರುವುದು ನನ್ನ ಕೆಲಸ.

ಅವರು ಮೀನು ತಿನ್ನುವವರಲ್ಲ, ಮುಟ್ಟುವವರೂ ಅಲ್ಲ. ಬರುವ ಕಕ್ಷಿದಾರರೆಲ್ಲ ಮೀನಿನವರು. ನಾನು ಸೇರಿದ ಹೊಸತರಲ್ಲಿ ಒಬ್ಬ ದೋಣಿಯವನು ಪೇಪರಿನಲ್ಲಿ ಸುತ್ತಿದ ಅಂಜಲ್ ಮೀನನ್ನು ತಂದು ಪ್ರೀತಿಯಿಂದ ಕಾನೂನು ಪುಸ್ತಕದ ಮೇಲೆಯೇ ಇಟ್ಟ. ಸಾರ್ ಕುರ್ಚಿ ಹಿಂದೆ ಸರಿಸಿ ಗೋಡೆಗೆ ಅಂಟಿಕೊಂಡರು.

‘ಸುಂದರೀ, ಇದನ್ನು ತಕ್ಕೊಂಡು ಹೋಗು.’

‘ಎಲ್ಲಿಗೆ ಸಾರ್?’

‘ಎಲ್ಲಿಗಾದ್ರೂ. ನನ್ನ ಕಣ್ಣಿಗೆ ಕಾಣದಿದ್ರೆ ಆಯ್ತು.’

ಅವರ ಕಣ್ಣಿಗೆ ಕಾಣದ ಜಾಗ ನನ್ನ ಮನೆಯ ಒಲೆ. ಅಂದಿನಿಂದ ಅದೇ ಪದ್ಧತಿ ಆಯಿತು. ಅವರ ಅಹಿಂಸೆಯಲ್ಲಿ ನನ್ನ ಮಕ್ಕಳು ಮೈ ತುಂಬಿಕೊಂಡರು.

ಇನ್ನೊಂದು ವಿಷಯ. ಸೂರ್ಯ ಮುಳುಗುವ ಮೊದಲು ಅವರ ಊಟ ಆಗಬೇಕು. ನಾವಿಕರು ಬರುವುದೇ ಸಂಜೆಗೆ. ಬಂದು ಕೂತರೆ, ಹಡಗು ಮುಳುಗಿದ ಕಥೆಯನ್ನು ಅದು ಬಂದರು ಬಿಟ್ಟ ದಿನದಿಂದ ಶುರು ಮಾಡುತ್ತಾರೆ. ಸಾರ್ ಒಂದು ಕಣ್ಣು ಕಿಟಕಿಯ ಕಡೆ ಇಟ್ಟುಕೊಂಡು ಕೇಳುತ್ತಿದ್ದರು. ಬಿಸಿಲು ಕೆಂಪಾದ ಮೇಲೆ ತಡೆಯುತ್ತಿರಲಿಲ್ಲ. ‘ಬೇಗ ಮುಳುಗಿಸು ಮಾರಾಯ, ಸೂರ್ಯ ನಿನ್ನ ಹಡಗಿಗಿಂತ ಮುಂದೆ ಇದ್ದಾನೆ’ ಎನ್ನುತ್ತಿದ್ದರು. ನಾನು ಬಾಗಿಲ ಹಿಂದೆ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆ.

ಗುಡಿಸುವವಳು ಸಾಕ್ಷಿ ಹಿಡಿದು ತರುವವಳು ಆದದ್ದು ತಾನಾಗಿಯೇ. ಸಮನ್ಸ್ ಹಿಡಿದುಕೊಂಡು ಕೋರ್ಟಿನ ಅಮೀನ ಬಂದರೆ ನಮ್ಮ ಕಡೆಯ ಗಂಡಸರು ಹಿತ್ತಲ ಬೇಲಿ ಹಾರುತ್ತಾರೆ. ನನ್ನನ್ನು ಕಂಡರೆ ಹಾರುತ್ತಿರಲಿಲ್ಲ. ಯಾಕೆಂದರೆ ಅವರ ಅಮ್ಮಂದಿರು ನನಗೆ ಗೊತ್ತು. ಒಂದು ಸಲ ಮಾತ್ರ ಎಡವಟ್ಟು ಆಯಿತು. ‘ಕಾಪುವಿನ ದಾಮೋದರನನ್ನು ಕರೆದುಕೊಂಡು ಬಾ’ ಎಂದರು. ಕರೆದುಕೊಂಡು ಹೋದೆ. ಆತ ಬೆಳಿಗ್ಗೆ ಕ್ಯಾಂಟೀನಿನಲ್ಲಿ ಗೋಳಿಬಜೆ ತಿಂದ, ಕಟಕಟೆ ಹತ್ತಿದ, ಪ್ರಮಾಣ ಮಾಡಿದ. ‘ದೋಣಿ ಯಾವ ಕಡೆಗೆ ವಾಲಿತು?’ ಎಂದು ಸಾರ್ ಕೇಳಿದರು.

‘ನನಗೆ ದೋಣಿ ವಿಷಯ ಗೊತ್ತಿಲ್ಲ ಸ್ವಾಮಿ. ನಾನು ಟೈಲರು.’

‘ಮತ್ತೆ ನೀನು ಇಲ್ಲಿಗೆ ಯಾಕೆ ಬಂದದ್ದು?’ ಎಂದು ನ್ಯಾಯಾಧೀಶರು ಕೇಳಿದರು.

‘ಸುಂದರಕ್ಕ ಕರೆದ್ರು.’

ತಪ್ಪು ನನ್ನದಲ್ಲ. ಒಂದೇ ಬೀದಿಯಲ್ಲಿ ಎಲ್ಲರಿಗೂ ದಾಮೋದರ ಎಂದು ಹೆಸರಿಟ್ಟವರದು.

ಈಗ ಸಾಕ್ಷಿಯನ್ನು ಬಸ್ಸಿನಲ್ಲಿ ಕರೆದುಕೊಂಡು ಬರುವುದು ಕಡಿಮೆ. ಪರದೆಯ ಮೇಲೆ ಬರುತ್ತಾರೆ. ಮೊದಲ ಸಲ ಹಾಗೆ ಮಾಡಿದ್ದು ಬೆಳ್ಮಣ್ಣಿನ ಒಬ್ಬ ನಾವಿಕನಿಗೆ. ಯಜಮಾನ ಕೈಬಿಟ್ಟ ಹಡಗಿನಲ್ಲಿ, ಯಾವುದೋ ಪರದೇಶದ ಬಂದರಿನಲ್ಲಿ ಅವನು ಸಿಕ್ಕಿಬಿದ್ದಿದ್ದ. ವಿಚಾರಣೆಯ ಅಧಿಕಾರಿ ಇಲ್ಲಿ, ಅವನು ಪರದೆಯಲ್ಲಿ. ಅವನ ತಾಯಿಯನ್ನು ನಾನು ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ‘ಹಡಗಿನ ನೋಂದಣಿ ಯಾವ ದೇಶದ್ದು’ ಎಂದು ಸಾರ್ ಕೇಳುತ್ತಿರುವಾಗ ಆಕೆ ಎದ್ದು ಪರದೆಗೆ ಮುಖ ಕೊಟ್ಟು, ‘ಊಟ ಆಯ್ತಾ ಮಗಾ?’ ಎಂದಳು.

ಅಧಿಕಾರಿ, ‘ಅಮ್ಮಾ, ಅವರು ಸಾಕ್ಷಿ ಹೇಳ್ತಾ ಇದ್ದಾರೆ’ ಎಂದರು.

‘ಹೇಳ್ಲಿ. ಊಟ ಆಯ್ತಾ ಅಂತ ಅದರೊಟ್ಟಿಗೇ ಹೇಳ್ಲಿ.’

‘ಇಲ್ಲಮ್ಮ,’ ಎಂದ ಅವನು. ‘ಅಕ್ಕಿ ಮುಗಿದಿದೆ.’

ಅಧಿಕಾರಿ ಪೆನ್ನು ಎತ್ತಿದ್ದು ಆಗ. ಅವನು ಊರಿಗೆ ಬಂದ. ತಾಯಿ ಹಲಸಿನಹಣ್ಣು ತಂದು ಕೊಟ್ಟಳು. ಮೀನಲ್ಲದ ಉಡುಗೊರೆ ಕಂಡು ಸಾರ್‌ಗೆ ಕಣ್ಣಿನಲ್ಲಿ ನೀರು ಬರುವುದೊಂದು ಬಾಕಿ.

ಇನ್ನು ದೂಮಣ್ಣನ ಕೇಸು.

ದೂಮಣ್ಣ ಕೆಮ್ಮಣ್ಣಿನವನು, ಮಂಜಿಯ ತಾಂಡೇಲ. ಮಂಜಿ ಎಂದರೆ ಮರದ ಸರಕು ಹಡಗು. ತಾಂಡೇಲ ಎಂದರೆ ಅದರ ಚುಕ್ಕಾಣಿ ಹಿಡಿದು ನಡೆಸುವವನು. ಹಂಚು ತುಂಬಿಕೊಂಡು ಮಂಗಳೂರು ಕಡೆಯಿಂದ ಬಡಗಕ್ಕೆ ಹೋಗುತ್ತಿದ್ದ ಮಂಜಿ ಕಾಪುವಿನ ನೇರಕ್ಕೆ ಬರುವಾಗ ಮುಳುಗಿತು. ಜನಕ್ಕೆ ಏನೂ ಆಗಲಿಲ್ಲ. ಸಣ್ಣ ದೋಣಿಗೆ ಹಾರಿ ತೇಲುತ್ತ ಹೋಗಿ, ಎಷ್ಟೋ ದೂರದಲ್ಲಿ ಮೀನುಗಾರರಿಗೆ ಸಿಕ್ಕಿದರು. ದೂಮಣ್ಣ ಹೇಳಿದ್ದು ಇಷ್ಟು: ಹೊರಗಿನ ಆಳ ನೀರಿನಲ್ಲಿ, ಸರಿಯಾದ ದಾರಿಯಲ್ಲಿಯೇ ಹೋಗುತ್ತಿದ್ದೆವು. ಹಳೇ ಹಲಗೆ ಬಿಟ್ಟುಕೊಂಡಿತು, ನೀರು ನುಗ್ಗಿತು.

ಮಂಜಿಯ ಯಜಮಾನ ಹೇಳಿದ್ದೇ ಬೇರೆ. ನನ್ನ ಹಲಗೆ ಗಟ್ಟಿ ಇತ್ತು. ಈ ತಾಂಡೇಲ ಮನೆಗೆ ಫೋನು ಮಾಡಲು ಸಿಗ್ನಲ್ ಹುಡುಕಿಕೊಂಡು ದಡದ ಹತ್ತಿರ ಬಂದು, ದೀಪಸ್ತಂಭದ ಆಚೆಯ ಬಂಡೆಗೆ ಗುದ್ದಿದ. ಮಂಜಿ ಚೂರು ಚೂರಾಗಿ ಅಲೆ ಕೊಂಡು ಹೋಯಿತು, ಹುಡುಕಿದರೆ ಸಿಗುವುದಿಲ್ಲ.

ಅಂದು ಮಳೆ ಮುಸುಕಿ ದಡ ಕಾಣುತ್ತಿರಲಿಲ್ಲ. ಆದ್ದರಿಂದ ಎಲ್ಲಿ ಮುಳುಗಿತು ಎಂದು ಬೆರಳಿಟ್ಟು ತೋರಿಸಲು ದೂಮಣ್ಣನಿಗೂ ಆಗಲಿಲ್ಲ. ಜಾಗ ತೋರಿಸುವ ಯಂತ್ರ ಮಂಜಿಯ ಜೊತೆಗೇ ಹೋಗಿತ್ತು. ಅವನ ಪರವಾನಗಿಯನ್ನು ತಡೆಹಿಡಿದರು. ಮಂಜಿ ಆಳದಲ್ಲಿ ಇದೆ ಎಂದು ಆದರೆ ಅವನು ತಾಂಡೇಲ. ಇಲ್ಲ ಎಂದಾದರೆ, ಫೋನಿಗಾಗಿ ಹಡಗು ಮುಳುಗಿಸಿದವನು. ಅಂಥವನ ಕೈಗೆ ಮತ್ತೆ ಯಾರೂ ಚುಕ್ಕಾಣಿ ಕೊಡುವುದಿಲ್ಲ.

ಅವನ ಹೆಂಡತಿ ಗುಲಾಬಿ ಮಲ್ಪೆಯಲ್ಲಿ ಮೀನು ಕೊಂಡು ಮಣಿಪಾಲದ ಮನೆಗಳಿಗೆ ಮಾರುವವಳು. ಮಣಿಪಾಲದ ದೊಡ್ಡ ದೊಡ್ಡ ಡಾಕ್ಟರುಗಳನ್ನು ‘ನಿನ್ನೆಯ ಮೀನನ್ನು ಇವತ್ತಿನದ್ದು ಅಂದ್ರೆ ನಂಬುವ ಜನ’ ಎಂದು ಪ್ರೀತಿಯಿಂದ ಹೇಳುವವಳು. ಆಫೀಸಿಗೆ ಬಂದವಳೇ ನನ್ನ ಹತ್ತಿರ ದುಃಖ ತೋಡಿಕೊಂಡಳು.

‘ಸುಂದರಕ್ಕ, ಹೇಗಾದ್ರೂ ಮಾಡಿ ಇವರನ್ನು ಸಮುದ್ರಕ್ಕೆ ಕಳಿಸಿ. ಮನೆಯನ್ನೇ ಮಂಜಿ ಮಾಡಿದ್ದಾರೆ. ಬೆಳಿಗ್ಗೆ ಎದ್ದು ಗಾಳಿ ಯಾವ ಕಡೆಯದ್ದು ಅಂತ ನೋಡಿ ಒಲೆ ಹಚ್ಚು ಅಂತಾರೆ. ಕೋಳಿಗಳನ್ನೆಲ್ಲ ಸಾಲಾಗಿ ನಿಲ್ಲಿಸ್ಲಿಕ್ಕೆ ನೋಡ್ತಾರೆ. ನಿನ್ನೆ ಹುಂಜ ಕುಕ್ಕಿತು.’

ದೂಮಣ್ಣ ಪಕ್ಕದಲ್ಲಿಯೇ ಕೂತಿದ್ದ. ನಗಲಿಲ್ಲ. ತನ್ನ ಎರಡೂ ಕೈಗಳನ್ನು ತೊಡೆಯ ಮೇಲೆ ತಿರುಗಿಸಿ ತಿರುಗಿಸಿ ನೋಡಿಕೊಂಡ. ‘ಚುಕ್ಕಾಣಿ ಹಿಡಿಯದೆ ಈ ಕೈ ಯಾರದ್ದೋ ಅಂತ ಕಾಣ್ತದೆ ಅಕ್ಕ’ ಎಂದ.

ಕೇಸು ದೊಡ್ಡ ಕೋರ್ಟಿನಲ್ಲಿತ್ತು. ಇಲ್ಲಿಯ ಸಾಕ್ಷಿಗಳನ್ನು ಇಲ್ಲಿಯೇ ಕೇಳಿ ಬರೆದುಕೊಳ್ಳಲು ಕೋರ್ಟು ಒಬ್ಬ ಕಮಿಷನರನ್ನು ನೇಮಿಸಿತು. ‘ಮುಳುಗಿದ ಜಾಗ ನೋಡಿದ ಹೊರಗಿನವನು ಒಬ್ಬ ಬೇಕು’ ಎಂದು ಸಾರ್ ತಲೆ ಕೆರೆದುಕೊಂಡರು. ಗುಲಾಬಿ ಗೋಡೆಗೆ ಒರಗಿ, ‘ಒಬ್ಬ ಇದ್ದಾನೆ’ ಎಂದಳು. ‘ನನ್ನ ಅಣ್ಣ ಸೋಮ.’

ಸೋಮ ಕಾಪುವಿನಲ್ಲಿ ಸಣ್ಣ ದೋಣಿ ಇಟ್ಟುಕೊಂಡು ಗಾಳ ಹಾಕುವವನು. ಮಂಜಿ ಮುಳುಗಿದ ಮಳೆಗಾಲ ಕಳೆದ ಮೇಲೆ ಅವನು ದಿನಾ ಒಬ್ಬನೇ ಹೋಗಿ, ದಿನಾ ಮುರು ಮೀನು ತರುತ್ತಿದ್ದ. ಮುರು ಮೀನು ಮರಳಿನಲ್ಲಿ ಇರುವ ಜಾತಿಯಲ್ಲ. ಅದಕ್ಕೆ ಸಮುದ್ರದ ಅಡಿಯಲ್ಲಿ ಕಲ್ಲಿನ ಸಂದು ಬೇಕು, ಇಲ್ಲವಾದರೆ ಮುಳುಗಿದ ಹಡಗು ಬೇಕು. ಇಂಥ ಜಾಗಕ್ಕೆ ನಮ್ಮವರು ‘ಕಲ್ಲು’ ಎನ್ನುತ್ತಾರೆ. ಕಲ್ಲು ಸಿಕ್ಕಿದವನು ಹೆಂಡತಿಗೂ ಹೇಳುವುದಿಲ್ಲ. ಅಪ್ಪ ಮಗನಿಗೆ ಹೇಳುವುದು ಸಾಯುವಾಗ, ಅದೂ ಖಂಡಿತ ಸಾಯುತ್ತೇನೆ ಎಂದು ಗೊತ್ತಾದ ಮೇಲೆ. ಮೊದಲು ದಡದ ಮರವನ್ನೂ ಗುಡ್ಡವನ್ನೂ ಒಂದು ಗೆರೆಗೆ ತಂದು ಗುರುತು ಇಟ್ಟುಕೊಳ್ಳುತ್ತಿದ್ದರು. ಈಗ ಯಂತ್ರದಲ್ಲಿ ಗುರುತು ಹಾಕುತ್ತಾರೆ, ದಡಕ್ಕೆ ಬರುವಾಗ ಅಳಿಸುತ್ತಾರೆ. ಯಂತ್ರ ಹೊಸತು, ಬುದ್ಧಿ ಹಳೆಯದು.

ನೋಟಿಸು ಹಿಡಿದುಕೊಂಡು ಸೋಮನ ಮನೆಗೆ ಹೋದದ್ದು ನಾನು. ಗುಲಾಬಿ ಹಿಂದೆಯೇ ಬಂದಳು. ಬಾಗಿಲಲ್ಲಿಯೇ ಮಸಾಲೆ ಹಾಕಿ ಹುರಿದ ಮುರು ಮೀನಿನ ವಾಸನೆ. ಹೊಸಬರೇ, ಇದನ್ನು ಕಲಿಯಿರಿ: ಸಾಕ್ಷಿಯ ಮಾತು ಬರೆದುಕೊಳ್ಳುವ ಮೊದಲು ಅವನ ಅಡುಗೆಮನೆಯ ವಾಸನೆ ನೋಡಿ.

‘ಮಂಜಿಯಾ? ಯಾವ ಮಂಜಿ? ನಾನು ಕಂಡೇ ಇಲ್ಲ’ ಎಂದ ಸೋಮ.

‘ಮತ್ತೆ ಈ ಮೀನು ತೆಂಗಿನಮರದಿಂದ ಇಳೀತಾ?’ ಎಂದು ಕೇಳಿದೆ.

‘ಸುಂದರಕ್ಕ, ನೀವು ದೊಡ್ಡವರು, ಸುಮ್ನೆ ಇರಿ. ಕಲ್ಲು ಹೇಳ್ಲಿಕ್ಕೆ ಆಗುವುದಿಲ್ಲ. ಇವತ್ತು ಕೋರ್ಟಿಗೆ ಹೇಳಿದ್ರೆ ನಾಳೆ ಇಡೀ ಕಾಪು ಅಲ್ಲಿ ಇರ್ತದೆ.’

‘ಅಣ್ಣಾ, ಭಾವನ ಮರ್ಯಾದೆ ಹೋಗ್ತಾ ಉಂಟು’ ಎಂದಳು ಗುಲಾಬಿ.

‘ಭಾವನ ಮೇಲೆ ನನಗೆ ಪ್ರೀತಿ ಉಂಟು. ಬೇಕಾದ್ರೆ ದಿನಾ ಒಂದು ಮುರು ಮೀನು ಕಳಿಸ್ತೇನೆ.’

‘ಕಳಿಸು. ನನ್ನ ಮಗಳ ಮದುವೆಯಲ್ಲಿ ಸೋದರಮಾವನ ಜಾಗದಲ್ಲಿ ನಿನ್ನನ್ನು ಕೂರಿಸುವುದಿಲ್ಲ. ಆ ಮುರು ಮೀನಿಗೇ ರುಮಾಲು ಕಟ್ಟಿ ಕೂರಿಸ್ತೇನೆ. ಧಾರೆಗೂ ಅದೇ ಬರ್ಲಿ.’

ಸೋಮನ ಹೆಂಡತಿ ಒಳಗೆ ಕಿಸಕ್ಕೆಂದಳು. ಸೋಮ ನೋಟಿಸು ತೆಗೆದುಕೊಂಡ. ಕೋರ್ಟಿನದ್ದು ಅಲ್ವಾ, ತೆಗೆದುಕೊಳ್ಳದೆ ಉಪಾಯ ಇಲ್ಲ. ಆದರೆ ನಾನು ಹೊರಡುವಾಗ ಬೇಲಿಯವರೆಗೆ ಬಂದು ಮೆಲ್ಲಗೆ ಹೇಳಿದ: ‘ಸಮುದ್ರ ದೊಡ್ಡದುಂಟು ಅಕ್ಕ. ಎಲ್ಲೋ ಒಂದು ಕಡೆ ತೋರಿಸ್ತೇನೆ. ಎಂತ ಇಲ್ಲ ಅಂತ ನೋಡಿ ಅವರೂ ವಾಪಸು ಹೋಗ್ತಾರೆ.’

ಎಂತ ಇಲ್ಲ ಎಂದು ನೋಡಿ ಹೋದರೆ ದೂಮಣ್ಣನ ಕಥೆಯೂ ಅಲ್ಲಿಗೇ ಮುಗಿಯಿತು. ಇದನ್ನು ನಾನು ಸಾರ್‌ಗೆ ಹೇಳಿದೆ. ಸಾರ್ ಹಣೆ ಒತ್ತಿಕೊಂಡು, ‘ಅವನು ಎಲ್ಲಿಗೆ ಕರ್ಕೊಂಡು ಹೋಗ್ತಾನೋ ಅಲ್ಲಿಗೆ ಹೋಗುವುದು. ಬೇರೆ ದಾರಿ ಇಲ್ಲ. ಯಾವ ದಿನ ಹೋಗುವುದು ಅಂತ ಊರಿಡೀ ಹೇಳ್ಬೇಡ’ ಎಂದರು. ನಾನು ಊರಿಡೀ ಹೇಳಲಿಲ್ಲ. ಗುಲಾಬಿಗೆ ಮಾತ್ರ ಹೇಳಿದೆ, ಬಸ್ಸಿನಲ್ಲಿ. ಅವಳ ಗಂಡನ ಕೇಸು, ಅವಳಿಗೆ ಹೇಳದೆ ಮತ್ತೆ ಯಾರಿಗೆ ಹೇಳುವುದು? ಸೋಮನ ಬೇಲಿಯ ಮಾತನ್ನೂ ಹೇಳಿದೆ. ಅವಳು ಬುಟ್ಟಿಯ ಮೇಲೆ ಕೈ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡಿದಳೇ ಹೊರತು ಒಂದು ಮಾತೂ ಆಡಲಿಲ್ಲ. ಗುಲಾಬಿ ಮಾತಾಡದೆ ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಕಮಿಷನರ್ ಬಂದರು. ಹೆಂಗಸು, ನಿವೃತ್ತ ನ್ಯಾಯಾಧೀಶೆ, ಬಯಲುಸೀಮೆಯವರು. ಸಮುದ್ರವನ್ನು ದಡದಿಂದ ನೋಡಿದ್ದು ಬಿಟ್ಟರೆ ಗೊತ್ತಿಲ್ಲ. ದೊಡ್ಡ ಟೋಪಿ ಹಾಕಿ, ಮೊಮ್ಮಗನ ದುರ್ಬೀನು ಕೊರಳಿಗೆ ನೇತುಹಾಕಿಕೊಂಡು, ಶಾಲೆಯಿಂದ ಪ್ರವಾಸಕ್ಕೆ ಹೊರಟ ಮಗುವಿನ ಹಾಗೆ ಕುಣಿಯುತ್ತ ಸೋಮನ ದೋಣಿ ಹತ್ತಿದರು. ಹಿಂದೆ ಯಜಮಾನನ ಕಡೆಯ ವಕೀಲ, ತಂಪು ಕನ್ನಡಕದವನು. ಅವನ ಹಿಂದೆ ನಮ್ಮ ಸಾರ್, ಎರಡೂ ಜೇಬಿನಲ್ಲಿ ಲಿಂಬೆಹಣ್ಣು. ಅವರ ಬೆಲ್ಟು ಹಿಡಿಯಲು, ತುಳುವನ್ನು ಕನ್ನಡ ಮಾಡಿ ಹೇಳಲು ನಾನು. ದೂಮಣ್ಣ ಬರಬಾರದು ಎಂದಿದ್ದರು. ಜಾಗವನ್ನು ಅವನೇ ಹೇಳಿಕೊಟ್ಟ ಎಂದು ಆಗಬಾರದಲ್ಲ. ಅವನು ದಡದಲ್ಲಿ ಮೊಣಕಾಲು ನೀರಿನವರೆಗೆ ಇಳಿದು ನಿಂತು ನೋಡಿದ.

ಮೀನಿನವರ ಊರಿನಲ್ಲಿ ಹುಟ್ಟಿ, ಮೀನು ತಿಂದು ಮುದುಕಿಯಾದೆ. ದೋಣಿ ಹತ್ತಿದ್ದು ಮಾತ್ರ ಅಂದೇ ಮೊದಲು. ಹೆಂಗಸರನ್ನು ಯಾರು ಕರೆದುಕೊಂಡು ಹೋಗುತ್ತಾರೆ? ದಡ ಸಣ್ಣದಾಗುತ್ತ ಬಂದಾಗ ನನಗೆ ಕಾರಣವಿಲ್ಲದೆ ನಗು ಬಂತು. ಕಮಿಷನರಮ್ಮನೂ ನಕ್ಕರು. ‘ಎಷ್ಟು ಚೆನ್ನಾಗಿದೆ ಅಲ್ವೇನ್ರೀ?’ ಎಂದು ಸಾರ್‌ನ ಕಡೆ ತಿರುಗಿದರು. ಸಾರ್ ಉತ್ತರವನ್ನು ಸಮುದ್ರಕ್ಕೆ ಕೊಟ್ಟರು.

ಸುಮಾರು ಹೊತ್ತಿನ ಮೇಲೆ ಸೋಮ ಎಂಜಿನು ನಿಲ್ಲಿಸಿದ. ‘ಇಲ್ಲಿ’ ಎಂದ.

‘ಇಲ್ಲೇ ಅಂತ ಹೇಗೆ ಗೊತ್ತು?’ ಎಂದು ಕಮಿಷನರಮ್ಮ ಕೇಳಿದರು.

‘ಗೊತ್ತುಂಟಮ್ಮ. ಅಕೋ ಕಾಪುವಿನ ದೀಪಸ್ತಂಭ. ಅಲ್ಲಿ ಗುಡ್ಡದ ಮೇಲೆ ಮಣಿಪಾಲದ ಕಟ್ಟಡ ಕಾಣ್ತದಲ್ಲ, ಬೆಳ್ಳಗೆ. ಎರಡನ್ನೂ ನೋಡಿ ಗುರುತು ಹಿಡಿಯುವುದು.’

ದೀಪಸ್ತಂಭವೂ ನಿಜ, ಮಣಿಪಾಲವೂ ನಿಜ. ಸೋಮ ಒಬ್ಬನೇ ಸುಳ್ಳು. ಸೀಸದ ಗುಂಡು ಕಟ್ಟಿದ ಹಗ್ಗ ಇಳಿಸಿದರು. ಆ ಕಡೆ ಇಳಿಸಿದರು, ಈ ಕಡೆ ಇಳಿಸಿದರು. ಅಡಿಯಲ್ಲಿ ಮೆತ್ತಗೆ ಮರಳು, ಮತ್ತೇನೂ ಇಲ್ಲ. ತಂಪು ಕನ್ನಡಕದವನ ಮುಖ ಅರಳಿತು. ‘ಬರೆದುಕೊಳ್ಳಬೇಕು ಮೇಡಂ, ಇಲ್ಲಿ ಎಂತ ಇಲ್ಲ’ ಎಂದ. ನಾನು ದಡದ ಕಡೆ ನೋಡಿದೆ. ಅಷ್ಟು ದೂರದಿಂದ ದೂಮಣ್ಣ ಕಾಣುವುದಿಲ್ಲ, ಆದರೂ ನೋಡಿದೆ. ನನ್ನ ನಗು ಅಲ್ಲಿಗೆ ನಿಂತಿತು.

ಕಮಿಷನರಮ್ಮನಿಗೆ ಬರೆಯುವ ಅವಸರ ಇರಲಿಲ್ಲ. ಇಷ್ಟು ದೂರ ಬಂದಿದ್ದೇನೆ, ಸ್ವಲ್ಪ ನೋಡುತ್ತೇನೆ ಎಂದು ದುರ್ಬೀನು ಏರಿಸಿ ಸುತ್ತ ತಿರುಗಿಸಿದರು. ಪಡುವಣಕ್ಕೆ ಬಂದು ನಿಲ್ಲಿಸಿದರು.

‘ಅಲ್ಲೇನ್ರೀ ಅದು ಸಂತೆ?’

ನಾವೆಲ್ಲ ನೋಡಿದೆವು. ದೂರದ ನೀರಿನಲ್ಲಿ ಸಣ್ಣ ಸಣ್ಣ ದೋಣಿಗಳು, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ. ಸೋಮನ ಮುಖ ಒಣಗಿದ ಗೋಳಿಬಜೆಯ ಹಾಗೆ ಆಯಿತು.

‘ಅದು… ಅವರು ಮಾತಾಡ್ಲಿಕ್ಕೆ ಸೇರಿದ್ದು ಅಮ್ಮ.’

‘ಸಮುದ್ರದ ಮಧ್ಯೆ ಬಂದು?’

‘ಹೌದಮ್ಮ. ದಡದಲ್ಲಿ ಹೆಂಗಸರು ಕೇಳಿಸಿಕೊಳ್ತಾರೆ.’

‘ನಾವೂ ಕೇಳಿಸ್ಕೊಳ್ಳೋಣ, ನಡೀರಿ’ ಎಂದರು ಕಮಿಷನರಮ್ಮ.

ಹತ್ತಿರ ಹೋಗುವಾಗಲೇ ಗಲಾಟೆ ಕೇಳಿಸಿತು. ದೋಣಿಗೆ ದೋಣಿ ತಾಗುತ್ತಿದೆ, ಗಾಳದ ದಾರಕ್ಕೆ ದಾರ ಸುತ್ತಿಕೊಂಡಿದೆ. ಎಲ್ಲರೂ ಎದ್ದು ನಿಂತು ಒಬ್ಬರಿಗೊಬ್ಬರು ಕೂಗುತ್ತಿದ್ದಾರೆ.

‘ಈ ಕಲ್ಲು ನಿನಗೆ ಹೇಗೆ ಗೊತ್ತು?’

‘ನಿನಗೆ ಹೇಗೆ ಗೊತ್ತು, ಅದನ್ನು ಹೇಳು ಮೊದಲು!’

‘ಇದು ನನ್ನ ಕಲ್ಲು!’

‘ನಿನ್ನ ಅಜ್ಜ ಇಟ್ಟು ಹೋದದ್ದಾ?’

ಒಬ್ಬೊಬ್ಬನೂ ಈ ಕಲ್ಲು ತನಗೊಬ್ಬನಿಗೇ ಗೊತ್ತು ಎಂದುಕೊಂಡು ಇಷ್ಟು ದಿನ ಕದ್ದು ಕದ್ದು ಬರುತ್ತಿದ್ದ. ಇವತ್ತು ಸೋಮ ಅದನ್ನು ಕೋರ್ಟಿಗೆ ತೋರಿಸುತ್ತಾನಂತೆ, ನಾಳೆಯಿಂದ ಊರಿಗೆಲ್ಲ ಗೊತ್ತಾಗುತ್ತದೆ, ಅದರ ಮೊದಲು ಕೊನೆಯದಾಗಿ ಒಂದು ಸಲ ಹಿಡಿದುಬಿಡೋಣ ಎಂದು ಎಲ್ಲರೂ ಒಬ್ಬೊಬ್ಬರಾಗಿ, ಗುಟ್ಟಾಗಿ ಬಂದಿದ್ದಾರೆ. ಬಂದು ನೋಡಿದರೆ ಇಡೀ ಬೀದಿಯೇ ಅಲ್ಲಿದೆ. ಹೆಬ್ರಿಯ ನೆಂಟರ ಮನೆಗೆ ಊಟಕ್ಕೆ ಹೋಗುತ್ತೇನೆ ಎಂದು ಹೆಂಡತಿಗೆ ಹೇಳಿ ಹೊರಟ ಒಬ್ಬ, ಜರಿ ಪಂಚೆಯಲ್ಲಿಯೇ ಗಾಳ ಹಿಡಿದು ಕೂತಿದ್ದ. ಅವನ ಪಕ್ಕದ ದೋಣಿಯಲ್ಲಿ ಅವನ ಹೆಂಡತಿಯ ತಮ್ಮ.

ಕಮಿಷನರಮ್ಮ ಕೈ ಎತ್ತಿದರು. ‘ನೀವೆಲ್ಲ ಇಲ್ಲಿ ಯಾಕೆ ಸೇರಿದ್ದೀರಿ?’

ಎಲ್ಲರೂ ಆಕಾಶ ನೋಡಿದರು, ನೀರು ನೋಡಿದರು. ಆ ಹೊತ್ತಿಗೆ ಜರಿ ಪಂಚೆಯವನ ದಾರ ಜಗ್ಗಿತು. ಆತ ಮರ್ಯಾದೆಗೆ ಬಿಟ್ಟುಬಿಡಬೇಕಿತ್ತು. ಬಿಡಲಿಲ್ಲ, ಎಳೆದ. ಮಗುವಿನಷ್ಟು ದೊಡ್ಡ ಮುರು ಮೀನು ದೋಣಿಗೆ ಬಿದ್ದು ಬಾಲ ಬಡಿಯಿತು.

ಸೋಮನಿಗೆ ಅದನ್ನು ನೋಡಿ ತಡೆಯಲಿಕ್ಕೆ ಆಗಲಿಲ್ಲ. ಎದ್ದು ನಿಂತು ತುಳುವಿನಲ್ಲಿ ಹೊಟ್ಟೆ ಹರಿಯುವ ಹಾಗೆ ಕಿರುಚಿದ. ಕಮಿಷನರಮ್ಮ ನನ್ನ ಕಡೆ ತಿರುಗಿ, ‘ಏನಂತಾರೆ ಇವರು?’ ಎಂದು ಕೇಳಿದರು. ನಾನು ಬೆಲ್ಟು ಬಿಡದೆ, ಒಂದಕ್ಷರವೂ ಬಿಡದೆ ಹೇಳಿದೆ:

‘ಕತ್ತೆಗಳಾ, ನಾನು ಇವರಿಗೆ ಬೇರೆ ಕಡೆ ತೋರಿಸಿ ಆಗಿತ್ತು. ಅಲ್ಲಿ ಬರೀ ಮರಳು. ನೀವು ಮನೆಯಲ್ಲಿ ಬಿದ್ದುಕೊಂಡಿದ್ರೆ ಮಂಜಿಯ ಗುಟ್ಟು ಉಳೀತಿತ್ತು, ಮೀನೂ ಉಳೀತಿತ್ತು, ಅಂತ ಹೇಳ್ತಾನೆ ಅಮ್ಮ.’

‘ಕತ್ತೆಗಳಾ ಅಂತಲೂ ಅಂದ್ರಾ?’

‘ಅದನ್ನು ಎರಡು ಸಲ ಅಂದ.’

ಸಾರ್ ಅಂಚಿನಿಂದ ತಲೆ ಎತ್ತಿದರು. ಮುಖ ಲಿಂಬೆಹಣ್ಣಿನ ಬಣ್ಣ. ‘ಸಾಕ್ಷಿಯ ಹೇಳಿಕೆ… ಪೂರ್ತಿ… ದಾಖಲಾಗಬೇಕು ಮೇಡಂ’ ಎಂದು ಹೇಳಿ ಮತ್ತೆ ತಲೆ ಇಳಿಸಿದರು. ಹೊಸಬರು ಓದಿ ಓದಿ ಮೆಚ್ಚಿಕೊಳ್ಳುವ ವಾದ ಇದೇ. ಇದಕ್ಕಿಂತ ಹೆಚ್ಚು ಅವರು ಅಂದು ಮಾತಾಡಿದ್ದಿಲ್ಲ.

ಕಮಿಷನರಮ್ಮ ನಗು ತಡೆಯಲು ಟೋಪಿಯನ್ನು ಮುಖಕ್ಕೆ ಎಳೆದುಕೊಂಡರು. ಆಮೇಲೆ ಗಂಭೀರವಾಗಿ, ತಂಪು ಕನ್ನಡಕದವನ ಫೋನಿನಲ್ಲಿಯೇ ಆ ಜಾಗದ ಗುರುತು ತೆಗೆಸಿದರು. ನಾಳೆ ಅವನು ಜಾಗ ಇದಲ್ಲ ಎನ್ನುವ ಹಾಗಿಲ್ಲ. ಸೀಸದ ಗುಂಡು ಇಳಿಸಿದಾಗ ಅಡಿಯಲ್ಲಿ ಟಕ್ ಎಂದು ಮರಕ್ಕೆ ತಾಗಿದ್ದು ನನ್ನ ಕೈಗೂ ಗೊತ್ತಾಯಿತು. ಹಗ್ಗದ ತುದಿಯನ್ನು ಸುಮ್ಮನೆ ಕುತೂಹಲಕ್ಕೆ ಹಿಡಿದುಕೊಂಡಿದ್ದೆ.

ದಡಕ್ಕೆ ಬಂದಾಗ ಗುಲಾಬಿ ಗಂಡನ ಪಕ್ಕದಲ್ಲಿ ಖಾಲಿ ಬುಟ್ಟಿ ಹಿಡಿದು ನಿಂತಿದ್ದಳು. ಸೋಮ ಅವಳ ಮುಖವನ್ನೂ ನೋಡದೆ ದೋಣಿಯ ಹಗ್ಗ ಕಟ್ಟಲು ಹೋದ. ನಾನು ಅವಳನ್ನು ಬದಿಗೆ ಎಳೆದೆ.

‘ಊರಿಗೆಲ್ಲ ಹೇಳಿದ್ದು ನೀನಾ?’

‘ಛೆ ಛೆ, ಊರಿಗೆಲ್ಲ ಯಾಕೆ ಹೇಳ್ಲಿ? ಮಲ್ಪೆಯಲ್ಲಿ ಒಬ್ಬಳಿಗೆ ಹೇಳಿದೆ, ಗುಟ್ಟಾಗಿ.’

‘ಒಬ್ಬಳಿಗೇ?’

‘ಒಬ್ಬಳಿಗೇ. ಅವಳು ಹೋದ ಮೇಲೆ ಇನ್ನೊಬ್ಬಳಿಗೆ.’

ಆಮೇಲೆ ನೀರಿಗಿಳಿದು ನೋಡುವ ತಜ್ಞರು ಬಂದರು, ಇಳಿದರು. ಮಂಜಿ ಆಳದಲ್ಲಿ ಕೂತಿತ್ತು, ಹಂಚು ಪೇರಿಸಿದ್ದು ಪೇರಿಸಿದ ಹಾಗೆಯೇ ಇತ್ತು. ಅಡಿಯಲ್ಲಿ ಬಂಡೆ ತಾಗಿದ ಗುರುತಿಲ್ಲ. ಹಿಂಬದಿಯ ಹಲಗೆ ಹುಳು ತಿಂದು ಬಾಯಿ ಬಿಟ್ಟಿತ್ತು. ದೀಪಸ್ತಂಭದ ಬಂಡೆಗೂ ಅದಕ್ಕೂ ಸಂಬಂಧವೇ ಇಲ್ಲದಷ್ಟು ದೂರ. ತಾಂಡೇಲನ ತಪ್ಪಿಲ್ಲ, ಪರವಾನಗಿ ವಾಪಸು ಕೊಡಬೇಕು ಎಂದು ಆದೇಶ ಬಂತು. ದೂಮಣ್ಣ ಅದನ್ನು ಸಾರ್ ಬಾಯಿಯಿಂದ ಎರಡು ಸಲ ಓದಿಸಿ ಕೇಳಿದ. ಖುಷಿಯಲ್ಲಿ ಎಂತ ಮಾಡುವುದೆಂದು ಗೊತ್ತಾಗದೆ, ನನ್ನ ಕೈಯಿಂದ ಪೊರಕೆ ಕಿತ್ತುಕೊಂಡು ಆಫೀಸು ಪೂರ್ತಿ ಗುಡಿಸಿದ. ಸಾರ್ ಬಿಸಿಲು ಇರುವಾಗಲೇ ಎಲ್ಲರಿಗೂ ಹೋಳಿಗೆ ಊಟ ಹಾಕಿಸಿದರು.

ಮರುದಿನ ಬೆಳಿಗ್ಗೆ ನಾನು ಬಸ್ಸಿಗೆ ಹೋಗುವ ಮೊದಲು ಕಾಪುವಿನ ದಡಕ್ಕೆ ಹೋದೆ. ಮಂಜಿಯ ಕಲ್ಲಿನಲ್ಲಿ ಈಗ ಮೀನಿಗಿಂತ ಗಾಳ ಹೆಚ್ಚು, ಪಾಪ ಸೋಮನಿಗೆ ಎಂತ ಸಿಗುತ್ತದೆ ನೋಡೋಣ ಎಂದು. ಅವನ ದೋಣಿ ಆಗಷ್ಟೇ ಬರುತ್ತಿತ್ತು. ಚುಕ್ಕಾಣಿಯಲ್ಲಿ ದೂಮಣ್ಣ ಕೂತಿದ್ದ, ಬೆನ್ನು ನೆಟ್ಟಗೆ. ಭಾವಂದಿರು ಇಬ್ಬರೂ ಏನೋ ಮಾತಾಡಿ ನಗುತ್ತಿದ್ದವರು, ನನ್ನನ್ನು ಕಂಡು ನಿಲ್ಲಿಸಿದರು.

‘ಎಂತ ಸಿಕ್ಕಿತು?’ ಎಂದು ಕೇಳಿದೆ.

‘ಎಂತ ಇಲ್ಲ ಅಕ್ಕ. ಸ್ವಲ್ಪ ಸಣ್ಣ ಬೂತಾಯಿ ಮೀನು’ ಎಂದ ಸೋಮ.

ದೋಣಿಯಲ್ಲಿ ಒಂದು ಒದ್ದೆ ಗೋಣಿ ಹಾಸಿತ್ತು. ಎತ್ತಿ ನೋಡಿದೆ. ಅಡಿಯಲ್ಲಿ ಮುರು ಮೀನು, ಮಂಜಿಯ ಕಲ್ಲಿನದ್ದಕ್ಕಿಂತಲೂ ದೊಡ್ಡದು, ಒಂದರ ಮೇಲೊಂದು. ನಾನು ದೂಮಣ್ಣನ ಮುಖ ನೋಡಿದೆ. ಒಂದು ಜನ್ಮ ಸಮುದ್ರದಲ್ಲಿ ಕಳೆದ ತಾಂಡೇಲ. ಯಾವ ಹಡಗು ಎಲ್ಲಿ ಮುಳುಗಿದೆ ಎಂದು ಅವನಿಗಲ್ಲದೆ ಮತ್ತೆ ಯಾರಿಗೆ ಗೊತ್ತಿರುತ್ತದೆ?

‘ಗಾಳಿ ಒಳ್ಳೇದುಂಟು ಅಲ್ವಾ ಅಕ್ಕ?’ ಎಂದ ದೂಮಣ್ಣ, ಆಕಾಶ ನೋಡುತ್ತ.

‘ಒಳ್ಳೇದುಂಟು’ ಎಂದು ಹೇಳಿ ಒಂದು ಮೀನನ್ನು ಎತ್ತಿ ಚೀಲಕ್ಕೆ ಹಾಕಿಕೊಂಡೆ. ಇಬ್ಬರೂ ಬೇಡ ಎನ್ನಲಿಲ್ಲ. ಗೋಣಿಯನ್ನು ನಾನೇ ಮತ್ತೆ ಹೊದಿಸಿದೆ.

ದಾರಿಯಲ್ಲಿ ಗುಲಾಬಿ ಎದುರು ಬಂದಳು, ಬುಟ್ಟಿ ಸೊಂಟದಲ್ಲಿ, ಬಾಯಿ ಕಿವಿಯವರೆಗೆ. ‘ಅವರು ಬಂದ್ರಾ ಸುಂದರಕ್ಕ? ಎಂತ ಸಿಕ್ಕಿತಂತೆ?’

‘ಬೂತಾಯಿ.’

‘ನಿಮ್ಮ ಚೀಲದಿಂದ ಎಂತದೋ ಹೊರಗೆ ಬಂದಿದೆ ಅಲ್ವಾ?’

‘ಅದು ನನ್ನ ಕೊಡೆ’ ಎಂದು ಹೇಳಿ, ಬಾಲದ ಮೇಲೆ ಸೆರಗು ಎಳೆದುಕೊಂಡು ಮನೆಗೆ ಹೋದೆ. ಮೀನಿನ ಪದಾರ್ಥ ಮಾಡಿ, ಉಂಡು, ಆಫೀಸಿಗೆ ತಡವಾಗಿ ಹೋದೆ.